204 ಹಲ್ಲಿನ ಹಟಮಾರಿ

ಬೆಂಗಳೂರಿನ ಪಡುವಣ ದಿಕ್ಕಿನವರಾದ ನಮಗೆ, ಒಂದು ವಸ್ತು ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬ ಮಾತಿನಲ್ಲಿ ನಂಬಿಕೆಯಿಲ್ಲ. 1949ರಲ್ಲಿ ಅಡಿಗಲ್ಲು ಕಂಡ ರಾಜಾಜಿನಗರದ ಸೈಟುಗಳಲ್ಲಿ ನಾಲ್ಕು ಮಹಡಿ, ಎಂಟು ಬಾಡಿಗೆ ಮನೆ, ತಾರಸಿ ಮೇಲೊಂದು ಶೀಟಿನ ರೂಮು, ಮೆಟ್ಟಿಲ ಕೆಳಗೊಂದು ಜೆರಾಕ್ಸ್ ಅಂಗಡಿ, ಎಲ್ಲವನ್ನೂ ಹೊಂದಿಸಿದವರು ನಾವು. ಇಬ್ಬರು ಕೂರುವ ಬಸ್ ಸೀಟಿನಲ್ಲಿ ಮೂರನೆಯವರಿಗೆ ಅರ್ಧ ತೊಡೆಯಷ್ಟು ಜಾಗ ಹುಟ್ಟಿಸಿದವರು. ವೃಷಭಾವತಿ ಎಂಬ ನದಿಯನ್ನೇ ಮೋರಿಯಾಗಿ ಅಡ್ಜಸ್ಟ್ ಮಾಡಿ, ಮೂಗು ಮುಚ್ಚಿಕೊಂಡು ಕೆಂಗೇರಿ ಕಡೆಗೆ ಸಾಗಹಾಕಿದವರು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ" ಎಂಬುದಕ್ಕೆ ನಮ್ಮಲ್ಲಿ ಕಟ್ಟಡದ ಬೈಲಾಗಿಂತ ಹೆಚ್ಚು ಬೆಲೆಯಿದೆ.

ಇಂಥ ಊರಿನಲ್ಲಿ ಅರವತ್ತು ವರ್ಷ ಕಳೆದ ನನಗೆ, ಮುಖಕ್ಕೆ ಹೊಡೆದ ಹಾಗೆ "ಆಗಲ್ಲ" ಎಂದದ್ದು ಒಂದು ಹಸಿರು ಪಟ್ಟಿ. ಉದ್ದ ಏಳು ಸೆಂಟಿಮೀಟರಿಗೂ ಕಡಿಮೆ. ತೂಕ ಹೆಂಡತಿಯ ಒಂದು ಹೇರ್‌ಕ್ಲಿಪ್ಪಿನಷ್ಟು. ಕೆಳದವಡೆಯಲ್ಲಿ ಮಾತ್ರ ಬಂಗಾರದ ನೀರು ಹಾಕಿದ 204 ಹಲ್ಲು. ಕೆಲಸ ಲ್ಯಾಪ್‌ಟಾಪಿನ ಮೆಮೊರಿ. ಹೆಸರು ರ‍್ಯಾಮ್. ರಾಮಮಂದಿರದ ಬಡಾವಣೆಯಲ್ಲಿ ಬೆಳೆದ ನಾನು ಹೆಸರು ನೋಡಿ ಮೋಸ ಹೋದೆ. ಆ ರಾಮನಾದರೂ ಬೇಡಿಕೊಂಡರೆ ಕರಗುತ್ತಿದ್ದ.

ಲ್ಯಾಪ್‌ಟಾಪು 2014ರದ್ದು. ಮಗನ ಇಂಜಿನಿಯರಿಂಗ್ ಸೀಟಿನ ಜೊತೆ ಬಂದದ್ದು. ನಮ್ಮ ಮನೆಗಳಲ್ಲಿ ಆಸ್ತಿ ಮೇಲಿನಿಂದ ಕೆಳಕ್ಕೆ ಇಳಿದರೆ ಎಲೆಕ್ಟ್ರಾನಿಕ್ ಸಾಮಾನು ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಮಗ ಬಿಟ್ಟ ಫೋನು ಅಪ್ಪನಿಗೆ, ಅಪ್ಪ ಬಿಟ್ಟದ್ದು ಅಜ್ಜಿಗೆ. ಹಾಗೆ ನನ್ನ ಪಾಲಿಗೆ ಹತ್ತಿ ಬಂದ ಯಂತ್ರ ಇದು. ಬೆಳಿಗ್ಗೆ ಸ್ವಿಚ್ ಒತ್ತಿ, ಬಸವೇಶ್ವರನಗರದ ನಮ್ಮ ಮನೆಯಿಂದ ಹಾವನೂರು ಸರ್ಕಲ್‌ವರೆಗೆ ನಡೆದು, ಹಾಲು ತಂದು, ಕಾಯಿಸಿ, ಡಿಕಾಕ್ಷನ್ ಇಳಿಯುವುದನ್ನು ಕಾದು, ಲೋಟ ಹಿಡಿದು ಬಂದು ಕೂತರೂ ಪರದೆಯ ನಡುವೆ ಆ ಚುಕ್ಕಿಗಳ ಚಕ್ರ ತಿರುಗುತ್ತಲೇ ಇರುತ್ತಿತ್ತು. ಒಳಗಿನ ಹಾರ್ಡ್ ಡಿಸ್ಕು ನಿಮಿಷಕ್ಕೆ 5400 ಸುತ್ತು ಹಾಕುತ್ತದಂತೆ. ನಿಮಿಷಕ್ಕೆ 5400 ಪ್ರದಕ್ಷಿಣೆ ಹಾಕಿಯೂ ವರ ಸಿಗದ ಭಕ್ತನನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

ಸೋದರಳಿಯನಿಗೆ ಫೋನ್ ಮಾಡಿದೆ. ಹೊರವರ್ತುಲ ರಸ್ತೆಯ ಕಡೆ ಯಾವುದೋ ಗಾಜಿನ ಕಟ್ಟಡದಲ್ಲಿ ಎಐ ಮಾಡುತ್ತಾನೆ. ಏನು ಮಾಡುತ್ತೀ ಎಂದು ಕೇಳಿದರೆ, ಉದ್ದದ ಇಮೇಲನ್ನು ಚಿಕ್ಕದು ಮಾಡುವುದು ಎನ್ನುತ್ತಾನೆ. ಚಿಕ್ಕದಾಗಿ ಬರೆಯಿರಿ ಎಂದು ಜನಕ್ಕೆ ಹೇಳಿದರೆ ಸಾಲದೇ ಎಂದು ನಾನು ಕೇಳಿಲ್ಲ, ಮದುವೆಯಾಗದ ಹುಡುಗ.

"ಮಾವ, ಅದನ್ನ ಬಿಸಾಕಿ, ಹೊಸದು ತಗೊಳಿ."

ಬಿಸಾಕುವುದು! ನಮ್ಮ ಅಟ್ಟದ ಮೇಲೆ 1987ರ ರೇಡಿಯೋದ ರಟ್ಟಿನ ಡಬ್ಬ ಇನ್ನೂ ಇದೆ. ರೇಡಿಯೋ ಇಲ್ಲ, ಡಬ್ಬ ಇದೆ.

ಎದುರು ಮನೆಯ ನಿವೃತ್ತ ಗಣಿತದ ಮೇಷ್ಟ್ರು ಹೆಚ್ಚು ಸಹನೆಯವರು. "ಪಾರ್ಟಿಷನ್ ಮಾಡಿ ಸಾರ್. ಸಿ, ಡಿ, ಇ ಅಂತ ಭಾಗ ಮಾಡಿಬಿಟ್ರೆ ಫಾಸ್ಟ್ ಆಗುತ್ತೆ" ಎಂದರು. ಒಂದು ಭಾನುವಾರ ಪೂರ್ತಿ ಕೂತು 500 ಜಿಬಿಯನ್ನು ಐದು ಭಾಗ ಮಾಡಿದೆ. 500 ಎಂಬುದೂ ಡಬ್ಬದ ಮೇಲಿನ ಲೆಕ್ಕ, ಒಳಗೆ ಕಾಣುವುದು 465. ಅಪಾರ್ಟ್‌ಮೆಂಟಿನವರು ಹೇಳುವ ಸೂಪರ್ ಬಿಲ್ಟ್ ಅಪ್ ಏರಿಯಾ ಇದ್ದ ಹಾಗೆ. ಐದು ಭಾಗಕ್ಕೂ ಒಂದೊಂದು ಹೆಸರು, ಒಂದೊಂದು ಅಕ್ಷರ ಬಂತು. ಸುತ್ತುವ ತಟ್ಟೆ ಅದೇ, ಓದುವ ಮುಳ್ಳು ಅದೇ, ಹಾಲು ತರುವ ಹೊತ್ತೂ ಅದೇ. ನಮ್ಮ ಮಹಾನಗರ ಪಾಲಿಕೆಯನ್ನು 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಗಿ ಒಡೆದ ಮಹನೀಯರಿಗೂ ಸಲಹೆ ಕೊಟ್ಟದ್ದು ನಮ್ಮ ಮೇಷ್ಟ್ರೇ ಇರಬೇಕೆಂದು ನನಗೆ ಗುಮಾನಿಯಿದೆ. ನಮ್ಮ ಬೀದಿ ಈಗ ಪಶ್ಚಿಮ ಎಂಬ ಹೊಸ ಡ್ರೈವಿನಲ್ಲಿದೆ. ಗುಂಡಿಗಳ ಫೈಲನ್ನು ಯಾವ ನಷ್ಟವೂ ಇಲ್ಲದಂತೆ ವರ್ಗಾಯಿಸಲಾಗಿದೆ.

ಕೊನೆಗೆ ಕೆಂಗೇರಿ ಉಪನಗರದ ಷಡ್ಡಕ ಫೋನಿನಲ್ಲಿ ಆ ಮಂತ್ರ ಹೇಳಿದ. "ಭಾವ, ರ‍್ಯಾಮ್ ಜಾಸ್ತಿ ಹಾಕ್ಸಿ. ಎಸ್.ಪಿ. ರೋಡಲ್ಲಿ ನಮ್ ಪರಿಚಯದೋರು ಇದಾರೆ."

ಪರಿಚಯದೋರು! ಇದು ನಮ್ಮ ಕಡೆಯ ಇನ್ನೊಂದು ಬೈಲಾ. ಪಶ್ಚಿಮ ಬೆಂಗಳೂರಿನಲ್ಲಿ ಯಾರೂ ಏನನ್ನೂ ಅಂಗಡಿಯಿಂದ ಕೊಳ್ಳುವುದಿಲ್ಲ, ಪರಿಚಯದೋರಿಂದ ಕೊಳ್ಳುತ್ತಾರೆ. ಚಿನ್ನಕ್ಕೆ ಒಬ್ಬರು, ಗ್ಯಾಸ್ ಸ್ಟೌಗೆ ಒಬ್ಬರು, ಮೂಲವ್ಯಾಧಿಗೆ ಒಬ್ಬರು. ಪರಿಚಯದೋರು ಅಂದರೆ ರೇಟು ಕಡಿಮೆ ಎಂದಲ್ಲ, ಕೆಟ್ಟರೆ ಜಗಳ ಆಡುವ ಹಾಗಿಲ್ಲ ಎಂದರ್ಥ.

ವಿಜಯನಗರದಲ್ಲಿ ನೇರಳೆ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರಿಗೆ ಬದಲಾಗಿ, ಚಿಕ್ಕಪೇಟೆಯಲ್ಲಿ ಇಳಿದೆ. ಎಸ್.ಪಿ. ಎಂದರೆ ಪೊಲೀಸ್ ಸೂಪರಿಂಟೆಂಡೆಂಟ್ ಎಂದುಕೊಂಡ ಹುಡುಗರಿದ್ದಾರೆ. ಅದು ಸಾದರ ಪತ್ರಪ್ಪ ರಸ್ತೆ. ಅಂಗಡಿಗಳು ಬೀರುವಿನಷ್ಟು ಅಗಲ, ಒಳಗೆ ಸುರಂಗದಷ್ಟು ಉದ್ದ. ತಲೆಯ ಮೇಲೆ ಮಾನಿಟರು ಹೊತ್ತವರು, ಕೈಗಾಡಿ, ಆಟೋ, ಅವುಗಳ ನಡುವೆ ಕನ್ನಡ, ಹಿಂದಿ, ಉರ್ದು, ತಮಿಳು ಬೆರೆಸಿ ಜಿಬಿಗಳನ್ನು ಕೂಗುವ ಹುಡುಗರು. ಬಿಳಿಗಾಜಿನ ಕಟ್ಟಡಗಳ ಬೆಂಗಳೂರನ್ನು ಸಿಲಿಕಾನ್ ಸಿಟಿ ಎನ್ನುತ್ತಾರೆ. ಸಿಲಿಕಾನನ್ನು ಕೈಯಲ್ಲಿ ಹಿಡಿದು ನೋಡಬೇಕೆಂದರೆ ಇಲ್ಲಿಗೇ ಬರಬೇಕು.

"ರ‍್ಯಾಮ್ ಬೇಕಿತ್ತು. ಎಂಟು ಜಿಬಿ" ಎಂದೆ.

"ಡಿಡಿಆರ್ ಎಷ್ಟು ಸಾರ್?"

"ಎಂಟು."

"ಅದು ಜಿಬಿ ಸಾರ್. ಡಿಡಿಆರ್ ಎಷ್ಟು? ತ್ರೀನಾ, ಫೋರಾ?"

ಮೂರು, ನಾಲ್ಕು ಎರಡನ್ನೂ ಮುಂದಿಟ್ಟರೆ ಮಧ್ಯಮ ವರ್ಗದವನು ಯಾವುದನ್ನು ಆರಿಸುತ್ತಾನೆ ಎನ್ನುವುದಕ್ಕೆ ಸಂಶೋಧನೆ ಬೇಡ. "ನಾಲ್ಕೇ ಕೊಡಿ" ಎಂದೆ. "ಸೆಟ್ ಆಗಲಿಲ್ಲಾಂದ್ರೆ?" "ಅಡ್ಜಸ್ಟ್ ಆಗುತ್ತೆ ಸಾರ್" ಎಂದು ಪರಿಚಯದೋರು ಒಳಗಿನಿಂದಲೇ ಅಭಯ ಕೊಟ್ಟರು. ಬಿಲ್ಲಿನ ಕೆಳಗೆ ರಬ್ಬರ್ ಸ್ಟಾಂಪು: ಟೆಸ್ಟಿಂಗ್ ವಾರಂಟಿ ಮಾತ್ರ.

ಮನೆಗೆ ಬಂದು ಕನ್ನಡಕದ ಸ್ಕ್ರೂಡ್ರೈವರಿನಿಂದ ಹಿಂಬದಿಯ ಮುಚ್ಚಳ ತೆಗೆದೆ. ಒಳಗೆ ನೋಡಿದರೆ ರ‍್ಯಾಮಿಗೆ ಎರಡು ಮನೆ. ಒಂದರಲ್ಲಿ ಹಳೆಯದು ಕೂತಿದೆ, ಇನ್ನೊಂದು ಖಾಲಿ. ಬಸವೇಶ್ವರನಗರದಲ್ಲಿ ಹನ್ನೊಂದು ವರ್ಷ ಖಾಲಿ ಬಿದ್ದ ಜಾಗ! ಅದರಲ್ಲಿ ಒಂದು ಪಿಜಿ ಕೂಡ ಎದ್ದಿಲ್ಲ! ಸಂತೋಷದಿಂದ ಹೊಸದನ್ನು ಇಟ್ಟು ಒತ್ತಿದೆ. ಹೋಗಲಿಲ್ಲ. ತಿರುಗಿಸಿ ಒತ್ತಿದೆ. ಹೆಬ್ಬೆರಳು ಕೆಂಪಾಗುವಷ್ಟು ಒತ್ತಿದೆ.

"ರೀ, ಮದುಮಗಳಿಗೆ ಚಿಕ್ಕ ಸೈಜಿನ ಬಳೆ ತೊಡಿಸೋ ಹಾಗೆ ಒತ್ತಬೇಡಿ, ಒಡೆಯುತ್ತೆ" ಎಂದಳು ನಮ್ಮಾಕೆ.

ಆ ಪಟ್ಟಿಯ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ, ಇಲಿ ಕಡಿದ ಹಾಗೆ. ಸ್ಲಾಟಿನಲ್ಲಿ ಅದಕ್ಕೆ ಸರಿಯಾಗಿ ಒಂದು ಉಬ್ಬು. ತಲೆಮಾರು ಬದಲಾದಂತೆ ಬೇಕೆಂದೇ ಈ ಕಚ್ಚಿನ ಜಾಗ ಬದಲಿಸಿದ್ದಾರೆ, ನನ್ನಂಥವರು ಒತ್ತಿಯೇ ಒತ್ತುತ್ತಾರೆ ಎಂದು ಗೊತ್ತಿದ್ದು. ಲ್ಯಾಪ್‌ಟಾಪಿನ ಡಿಡಿಆರ್2ಕ್ಕೆ 200 ಹಲ್ಲು, 3ಕ್ಕೆ 204, 4ಕ್ಕೆ 260, 5ಕ್ಕೆ 262. ಮೂರರ ಬಾಯಿಗೆ ನಾಲ್ಕರ ಹಲ್ಲುಸೆಟ್ಟು ಕೂರುವುದಿಲ್ಲ. ವಶೀಲಿ ನಡೆಯದ, ಶಾಸಕರ ಪತ್ರ ಓದದ, "ನಾವೂ ಅದೇ ಊರಿನವರು" ಎಂದರೆ ನಗದ ಒಂದೇ ಒಂದು ಕೌಂಟರು ಈ ನಗರದಲ್ಲಿ ಇದೆಯೆಂದರೆ ಅದು ರ‍್ಯಾಮಿನ ಸ್ಲಾಟು.

ಮತ್ತೆ ನೇರಳೆ, ಮತ್ತೆ ಹಸಿರು. ಈ ಸಲ ಗತ್ತಿನಿಂದ "ಡಿಡಿಆರ್ ತ್ರೀ" ಎಂದೆ. ಪರಿಚಯದೋರು ವಾಪಸ್ ತೆಗೆದುಕೊಳ್ಳಲಿಲ್ಲ. ಆದರೆ ಟೀ ಕೊಟ್ಟರು.

ಈ ಸಲ ಕಚ್ಚಿಗೆ ಉಬ್ಬು ಸರಿಹೋಯಿತು. ಟಕ್ ಎಂದು ಕೂತಿತು. ಆ ಟಕ್ಕಿನಲ್ಲಿ ಕನ್ಯಾದಾನ ಮುಗಿಸಿದ ನೆಮ್ಮದಿಯಿತ್ತು. ಸ್ವಿಚ್ ಒತ್ತಿದೆ. ಯಂತ್ರ ಬೀಪ್ ಬೀಪ್ ಬೀಪ್ ಎಂದು ಅತ್ತು ಕಣ್ಣು ಮುಚ್ಚಿತು.

ತಪ್ಪು ಒಂದು ಅಕ್ಷರದ್ದು. ನನ್ನದಕ್ಕೆ ಬೇಕಿದ್ದದ್ದು ಡಿಡಿಆರ್3ಎಲ್. ನಾನು ತಂದದ್ದು ಬರೀ ಡಿಡಿಆರ್3. ಎಲ್ ಇಲ್ಲದ್ದು 1.5 ವೋಲ್ಟು ಕೇಳುತ್ತದೆ, ಎಲ್ ಇರುವುದಕ್ಕೆ 1.35 ಸಾಕು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪುಗಳು ಆ ಕಡಿಮೆಯದನ್ನು ಮಾತ್ರ ಒಪ್ಪುತ್ತವೆ. ವ್ಯತ್ಯಾಸ ಎಷ್ಟು? 0.15 ವೋಲ್ಟು. ಮನೆಗೆ ಬರುವ ಕರೆಂಟು ದಿನಕ್ಕೆ ನಾಲ್ಕು ಸಲ ಇಪ್ಪತ್ತು ವೋಲ್ಟು ಮೇಲೆ ಕೆಳಗೆ ಆಡಿದರೂ ನಮ್ಮ ಮಿಕ್ಸಿ, ನಮ್ಮ ಫ್ರಿಜ್ಜು, ನಮ್ಮ ಹಳೆಯ ವೆಟ್ ಗ್ರೈಂಡರು ಒಂದು ಮಾತಾಡಿಲ್ಲ. ಇವನಿಗೆ 0.15ಕ್ಕೆ ಮೂರ್ಛೆ.

ಇದರಲ್ಲೂ ಒಂದು ಸಂಸಾರದ ನೀತಿಯಿದೆ, ಕೇಳಿ. ಎಲ್ ಇರುವ ರ‍್ಯಾಮನ್ನು ಹಳೆಯ 1.5 ವೋಲ್ಟಿನ ಮನೆಗೆ ಹಾಕಿದರೆ ಅದು ತೆಪ್ಪಗೆ ಹೊಂದಿಕೊಂಡು ಬಾಳುತ್ತದೆ. ಎಲ್ ಇಲ್ಲದ್ದನ್ನು 1.35ರ ಮನೆಗೆ ತಂದರೆ ಬಾಗಿಲಲ್ಲೇ ರಂಪ. ಕಡಿಮೆಯಲ್ಲಿ ಬದುಕಿದವರು ಹೆಚ್ಚಿಗೂ ಹೊಂದುತ್ತಾರೆ, ಹೆಚ್ಚಿನಲ್ಲಿ ಬೆಳೆದವರು ಕಡಿಮೆಗೆ ಹೊಂದುವುದಿಲ್ಲ ಎಂದು ಹೇಳಿ ನಾನು ಹೆಂಡತಿಯ ಕಡೆ ನೋಡಿದೆ. ಅವಳ ತವರು ಮಲ್ಲೇಶ್ವರ. ಆ ರಾತ್ರಿ ಉಪ್ಪಿಟ್ಟು.

ಅಷ್ಟರಲ್ಲಿ ಷಡ್ಡಕ ಕೆಂಗೇರಿಯಿಂದ ಖುದ್ದು ಬಂದ. ಆನ್‌ಲೈನ್ ಆಫರಿನಲ್ಲಿ ಕೊಂಡ ಎಸ್‌ಎಸ್‌ಡಿ ಎಂಬ ಸುತ್ತು ಹಾಕದ ಡಿಸ್ಕನ್ನು ಅಂಗೈಯಲ್ಲಿ ವಿಭೂತಿಗಟ್ಟಿಯಂತೆ ಹಿಡಿದಿದ್ದ. "ಭಾವ, ರ‍್ಯಾಮ್ ಬಿಡಿ. ಇದು ಎಂ.2. ರಾಕೆಟ್ಟು."

ಅದರ ಮೇಲೆ 2280 ಎಂದು ಬರೆದಿತ್ತು. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ನನಗೆ ಒಳಗೊಳಗೇ ಖುಷಿಯಾಯಿತು. ಮೂವತ್ತು-ನಲವತ್ತು, ನಲವತ್ತು-ಅರವತ್ತು ಎನ್ನುವ ನಮ್ಮದೇ ಭಾಷೆ ಇದು! ಕಂಪ್ಯೂಟರಿನವರಿಗೂ ಸೈಟಿನ ಹುಚ್ಚು ಹಿಡಿದಿದೆ. "ಮೂಲೆ ಸೈಟೇನೋ?" ಎಂದೆ. ತೊಂದರೆ ಏನೆಂದರೆ ನನ್ನ ಲ್ಯಾಪ್‌ಟಾಪಿನಲ್ಲಿ ಆ ಅಳತೆಯ ಸೈಟೇ ಇಲ್ಲ. ಅದು ಎರಡೂವರೆ ಇಂಚಿನ ಡಿಸ್ಕಿನ ಕಾಲದ ಬಡಾವಣೆ. "ಹಾಗಾದ್ರೆ ನನ್ನದಕ್ಕೆ ಹಾಕ್ತೀನಿ" ಎಂದು ಷಡ್ಡಕ ತನ್ನ ಲ್ಯಾಪ್‌ಟಾಪು ಬಿಚ್ಚಿದ. ಅದು ನನ್ನದಕ್ಕಿಂತ ಒಂದೆರಡು ವರ್ಷ ಹೊಸದು. ಅಲ್ಲಿ ಸೈಟಿತ್ತು. ಕಡ್ಡಿ ಒಳಗೂ ಹೋಯಿತು, ಸ್ಕ್ರೂ ಕೂಡ ಬಿತ್ತು. ಆನ್ ಮಾಡಿದರೆ ಕಡ್ಡಿ ಕಾಣುವುದಿಲ್ಲ. ಕಣ್ಣ ಮುಂದೆ ಇದೆ, ದಾಖಲೆಯಲ್ಲಿ ಇಲ್ಲ.

ಇದನ್ನು ನಮ್ಮ ಊರಿನವರಿಗೆ ಅರ್ಥ ಮಾಡಿಸುವುದು ಸುಲಭ. ಎಂ.2 ಎಂಬುದು ಸೈಟಿನ ಆಕಾರ ಮಾತ್ರ. ಅದರೊಳಗೆ ಎರಡು ಬಗೆಯ ಖಾತೆಯಿದೆ. ಒಂದು ಸ್ಯಾಟಾ, ಇನ್ನೊಂದು ಎನ್‌ವಿಎಂಇ. ಸ್ಯಾಟಾ ಹಳೆಯ ಓಣಿ, ಸೆಕೆಂಡಿಗೆ ಐನೂರೈವತ್ತು ಎಂಬಿ ಸುಮಾರಿಗೆ ಟ್ರಾಫಿಕ್ಕು ನಿಂತುಬಿಡುತ್ತದೆ. ಎನ್‌ವಿಎಂಇ ಎಕ್ಸ್‌ಪ್ರೆಸ್ ವೇ, ಸಾವಿರಗಟ್ಟಲೆ. ಅಂಚಿನ ಕಚ್ಚಿಗೂ ಬಿ ಕೀ, ಎಂ ಕೀ ಎಂದು ಹೆಸರಿಟ್ಟಿದ್ದಾರೆ. ಎರಡೂ ಕಚ್ಚಿರುವ ಕಡ್ಡಿಗಳು ಎರಡು ಬಗೆಯ ಸ್ಲಾಟಿಗೂ ನುಗ್ಗುತ್ತವೆ, ಹಾಗೆ ನುಗ್ಗಿದ ಮಾತ್ರಕ್ಕೆ ಕೆಲಸ ಮಾಡಬೇಕೆಂದಿಲ್ಲ. ಷಡ್ಡಕನ ಸ್ಲಾಟು ಸ್ಯಾಟಾ ಮಾತ್ರ ಮಾತಾಡುವಂಥದ್ದು, ಅವನು ತಂದದ್ದು ಎನ್‌ವಿಎಂಇ. ಕಾಂಪೌಂಡು ಹಾಕಿ, ಬೋರು ಕೊರೆಸಿ, ಗೃಹಪ್ರವೇಶದ ಹೋಳಿಗೆ ತಿಂದಾದ ಮೇಲೆ ಇದು ಬಿ ಖಾತಾ ಎಂದು ಗೊತ್ತಾದವರ ಮುಖ ನೀವು ನೋಡಿದ್ದೀರಲ್ಲ, ಅದೇ ಮುಖ ಷಡ್ಡಕನದ್ದು. ಬಿ ಖಾತೆಯನ್ನಾದರೂ ದುಡ್ಡು ಕಟ್ಟಿಸಿಕೊಂಡು ಎ ಮಾಡಿಕೊಡಲು ಸರ್ಕಾರವಿದೆ. ಸ್ಯಾಟಾ ಸ್ಲಾಟನ್ನು ಎನ್‌ವಿಎಂಇ ಮಾಡಿಕೊಡಲು ಯಾವ ಮೇಳವೂ ನಡೆಯುವುದಿಲ್ಲ.

ಹೀಗೆ ನನ್ನ ಮೇಜಿನ ಮೇಲೆ ಎರಡು ಕೆಲಸಕ್ಕೆ ಬಾರದ ರ‍್ಯಾಮು, ಒಂದು ಅನಾಥ ಎಸ್‌ಎಸ್‌ಡಿ. ಮೂರನ್ನೂ ಸೇರಿಸಿದರೆ ಒಂದು ಹಳೆಯ ಲ್ಯಾಪ್‌ಟಾಪಿನ ಬೆಲೆ.

ವಿಜಯನಗರದಲ್ಲಿ ಬಾಗಿಲಿನಷ್ಟೇ ಅಗಲದ ಒಂದು ರಿಪೇರಿ ಅಂಗಡಿಯಿದೆ. ಹುಡುಗನಿಗೆ ಇಪ್ಪತ್ತೆರಡು ಇರಬಹುದು. ನನಗೆ ಪರಿಚಯದವನಲ್ಲ, ಅದೇ ಕಾರಣಕ್ಕೆ ಇಷ್ಟು ದಿನ ಹೋಗಿರಲಿಲ್ಲ. ಲ್ಯಾಪ್‌ಟಾಪನ್ನೂ ಈ ಮೂರು ಸಾಮಾನನ್ನೂ ಅವನ ಮುಂದೆ ಇಟ್ಟೆ.

"ಯಾರು ಹೇಳಿದ್ರು ಅಂಕಲ್ ಇದನ್ನೆಲ್ಲ ತಗೊಳಿ ಅಂತ?"

"ಪರಿಚಯದೋರು."

ಅವನು ಮುಚ್ಚಳ ಬಿಚ್ಚಿ, ಒಳಗಿದ್ದ ಹಳೆಯ ರ‍್ಯಾಮನ್ನು ಉಗುರಿನಿಂದ ಎಬ್ಬಿಸಿ, ಬೆಳಕಿಗೆ ಹಿಡಿದ. ಅದರ ಮೈಮೇಲೆ ಒಂದು ಬಿಳಿ ಚೀಟಿ. "ಪಿಸಿ3ಎಲ್-12800. ಬರೆದಿದೆಯಲ್ಲ ಅಂಕಲ್."

ಬರೆದಿದೆ. ಹನ್ನೊಂದು ವರ್ಷದಿಂದ ಬರೆದಿದೆ. 3 ಎಂದರೆ ಡಿಡಿಆರ್3, ಎಲ್ ಎಂದರೆ ಆ 1.35 ವೋಲ್ಟು, 12800 ಎಂದರೆ ಅದರ ವೇಗ. ಅಂಗಡಿಯವರ ಬಾಯಲ್ಲಿ ಅದೇ 1600. ಜಾತಕ, ಗೋತ್ರ, ನಕ್ಷತ್ರ ಎಲ್ಲ ಒಂದೇ ಸಾಲಿನಲ್ಲಿ. ನಾನು ಎರಡು ಸಲ ಆ ಚೀಟಿಯ ಪಕ್ಕದಲ್ಲೇ ಹೆಬ್ಬೆರಳಿಟ್ಟು ಒತ್ತಿದ್ದೆ. ಮೂವತ್ತು ವರ್ಷದಿಂದ ಜನ ನನ್ನ ಬರಹ ಓದಲಿ ಎಂದು ಕಾಯುತ್ತಿರುವ ನಾನು, ಮೂಗಿನ ಕೆಳಗಿದ್ದ ಒಂದು ಸಾಲು ಓದದೆ ಊರೆಲ್ಲ ಸುತ್ತಿದ್ದೆ. ನಮ್ಮಲ್ಲಿ ಬಸ್ಸಿನ ಬೋರ್ಡು ನೋಡಿದ ಮೇಲೂ "ಇದು ಕೆಂಗೇರಿಗೆ ಹೋಗುತ್ತಾ?" ಎಂದು ಕಂಡಕ್ಟರನ್ನು ಕೇಳಿಯೇ ಹತ್ತುತ್ತೇವಲ್ಲ. ಬರೆದದ್ದು ಸುಳ್ಳಿರಬಹುದು, ಬಾಯಿಮಾತು ಸತ್ಯ.

"ಹೋದ ವರ್ಷ ಬಂದಿದ್ರೆ ರೇಟು ಕಮ್ಮಿ ಇತ್ತು ಅಂಕಲ್. ಈಗ ಎಲ್ಲಾ ಎಐಗೆ ಹೋಗ್ತಿದೆ" ಎಂದ. ಸುಳ್ಳಲ್ಲ. ಎಐ ಡೇಟಾ ಸೆಂಟರುಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನು ಬಕಾಸುರನ ಬಂಡಿಯಂತೆ ತರಿಸಿಕೊಂಡು ನುಂಗುತ್ತಿವೆ. ಮೈಕ್ರಾನ್ ಕಂಪನಿ ಸಾಮಾನ್ಯ ಗಿರಾಕಿಗಳಿಗಾಗಿ ನಡೆಸುತ್ತಿದ್ದ ಕ್ರೂಷಿಯಲ್ ಎಂಬ ವಹಿವಾಟನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿಬಿಟ್ಟಿತು. ಕ್ರೂಷಿಯಲ್ ಎಂದರೆ ಅತಿಮುಖ್ಯ ಎಂದರ್ಥ. ಯಾರಿಗೆ ಎಂದು ಈಗ ಗೊತ್ತಾಯಿತು.

ಹುಡುಗ 8 ಜಿಬಿಯದೊಂದು ಡಿಡಿಆರ್3ಎಲ್ ಹುಡುಕಿ ತೆಗೆದ. ಹಳೆಯ 4 ಅಲ್ಲೇ ಇರಲಿ ಎಂದ. "ನಾಲ್ಕೂ ಎಂಟೂ ಬೇರೆ ಬೇರೆ ಅಳತೆ, ಜಗಳ ಆಡಲ್ವಾ?" ಎಂದೆ. "ಇಲ್ಲ ಅಂಕಲ್, ಹನ್ನೆರಡಾಗುತ್ತೆ. ಇದು ಮಾತ್ರ ಅಡ್ಜಸ್ಟ್ ಆಗುತ್ತೆ." ಕಿವಿಗೆ ನಾದಸ್ವರ ಕೇಳಿದ ಹಾಗಾಯಿತು.

ಡಿಸ್ಕಿಗೆ ಸಾಧಾರಣ ಸ್ಯಾಟಾ ಎಸ್‌ಎಸ್‌ಡಿ, ಎರಡೂವರೆ ಇಂಚಿನದು, 480 ಜಿಬಿ. (ಒಳಗೆ ಕಂಡದ್ದು 447. ಈ ಸಲ ನಾನು ಜಗಳಕ್ಕೆ ಹೋಗಲಿಲ್ಲ.) ಹಳೆಯ ಡಿಸ್ಕು 9.5 ಮಿಲಿಮೀಟರ್ ದಪ್ಪ, ಹೊಸದು 7. ನಡುವೆ ಎರಡೂವರೆ ಮಿಲಿಮೀಟರ್ ಲಟಪಟ. ಹುಡುಗ ಅತ್ತಿತ್ತ ನೋಡಿ, ನನ್ನ ಜೇಬಿನಲ್ಲಿದ್ದ ಮದುವೆ ಆಮಂತ್ರಣ ಕೇಳಿ ಪಡೆದು, ಅಂಚು ಕತ್ತರಿಸಿ, ಮಡಿಸಿ ತುರುಕಿದ. ಬೆಂಗಳೂರು ತನ್ನ ಗುಣ ಎಲ್ಲಿಯೂ ಬಿಡುವುದಿಲ್ಲ. ಇನ್ನು ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಹಳೆಯ ಡಿಸ್ಕನ್ನೇ ಒಂದು ಚೌಕಟ್ಟಿನಲ್ಲಿ ಕೂರಿಸಬಹುದು, ಚೌಕಟ್ಟಿನಲ್ಲೂ 9.5, 12.7 ಎಂದು ಎರಡು ದಪ್ಪ ಇದೆ ಎಂದು ಅವನು ಶುರುಮಾಡಿದ. ನಾನು ಕೈಮುಗಿದೆ.

ಯಂತ್ರ ಈಗ ಇಪ್ಪತ್ತು ಸೆಕೆಂಡಿನಲ್ಲಿ ಏಳುತ್ತದೆ. ಹಾಲು ತರಲು ನೆಪವಿಲ್ಲ.

ಸಂಕ್ರಾಂತಿಗೆ ಸೋದರಳಿಯ ಎಳ್ಳು-ಬೆಲ್ಲದ ಪೊಟ್ಟಣ ಹಿಡಿದು ಬಂದ. ಒಳ್ಳೆ ಮಾತಾಡಬೇಕಾದ ದಿನ. "ನನ್ನ ರ‍್ಯಾಮಿನ ರೇಟು ಏರಿಸಿದವನು ನೀನೇನಯ್ಯಾ?" ಎಂದೆ. ಅವನು ತನ್ನ ಹೊಸ ಲ್ಯಾಪ್‌ಟಾಪು ತೆಗೆದ; ಚಪಾತಿಯಷ್ಟು ತೆಳ್ಳಗೆ, ಲಕ್ಷ ದಾಟಿದ ಬೆಲೆ. "ಇದಕ್ಕೆ ಎಷ್ಟು ರ‍್ಯಾಮ್ ಹಾಕಿಸಬಹುದು?" "ಆಗಲ್ಲ ಮಾವ, ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಕೊಳ್ಳೋವಾಗ ಎಷ್ಟಿತ್ತೋ ಅಷ್ಟೇ." ಲಕ್ಷ ಕೊಟ್ಟು ಕೊಂಡೂ ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ! ನಮ್ಮ ಮೇಲಿನ ಮನೆಯ ಬಾಡಿಗೆದಾರರಿಗೆ ನಾವು ಅಷ್ಟು ಕಟ್ಟುನಿಟ್ಟು ಮಾಡಿಲ್ಲ, ಕ್ಯಾಲೆಂಡರಿಗೆ ಒಂದು ಮೊಳೆ ಬಿಟ್ಟಿದ್ದೇವೆ.

ಅವನೂ ಸುಮ್ಮನಿರಲಿಲ್ಲ. "ನಿಮ್ಮದರಲ್ಲಿ ವಿಂಡೋಸ್ 10 ಅಲ್ವಾ? ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು. 11 ಬೇಕಂದ್ರೆ ಇಂಟೆಲ್ ಎಂಟನೇ ತಲೆಮಾರಾದ್ರೂ ಇರಬೇಕು." ನನ್ನದು ನಾಲ್ಕನೇ ತಲೆಮಾರು. ನಮ್ಮಲ್ಲಿ ತಲೆಮಾರು ಹಳೆಯದಾದಷ್ಟೂ ಮರ್ಯಾದೆ, ಇವರಲ್ಲಿ ಉಲ್ಟಾ. ಹನ್ನೆರಡು ಜಿಬಿ, ಹೊಸ ಎಸ್‌ಎಸ್‌ಡಿ, ಮದುವೆ ಆಮಂತ್ರಣ, ಇಷ್ಟೆಲ್ಲ ಆದ ಮೇಲೆ ಯಂತ್ರಕ್ಕೆ ವಯಸ್ಸಾಯಿತಂತೆ.

"ಲಿನಕ್ಸ್ ಹಾಕಿಕೊಡ್ತೀನಿ ಬಿಡಿ ಮಾವ, ಅದು ಹಳೇದರಲ್ಲೂ ಓಡುತ್ತೆ" ಎಂದು ಒಂದು ಗಂಟೆಯಲ್ಲಿ ಹಾಕಿಕೊಟ್ಟ. ಓಡಿತು. ಕಬ್ಬು ಸಿಗಿಯುತ್ತ ನಾನು ನನ್ನ ಹಳೆಯ ಅಂಕಣಗಳ ಫೋಲ್ಡರನ್ನು ತೆರೆದೆ. ಹದಿನೈದು ವರ್ಷದ ಬರಹ. ಆಗ ನಾವು ಬರೆಯುತ್ತಿದ್ದದ್ದು ಯುನಿಕೋಡಿಗಿಂತ ಹಿಂದಿನ ಫಾಂಟುಗಳಲ್ಲಿ; ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಬಾಡಿಗೆಗೆ ಕೂರಿಸಿದ ಏರ್ಪಾಡು. ಫಾಂಟು ಇಲ್ಲದ ಯಂತ್ರದಲ್ಲಿ ಬಾಡಿಗೆದಾರರು ಮಾಯ, ಮನೆ ಮಾಲೀಕರು ಮಾತ್ರ ಹಾಜರು. ಪರದೆ ತುಂಬ ತಲೆಯ ಮೇಲೆ ಟೊಪ್ಪಿ, ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ಯಾವ ಭಾಷೆಯೂ ಅಲ್ಲದ ಒಂದು ಭಾಷೆಯಲ್ಲಿ ಸಾಲುಗಟ್ಟಿ ನಿಂತಿದ್ದವು. ಸೋದರಳಿಯ ಪರಿವರ್ತಕವೊಂದನ್ನು ಓಡಿಸಿ ನೋಡಿದ. ಅರ್ಧ ಕನ್ನಡವಾಯಿತು, ಒತ್ತಕ್ಷರಗಳೆಲ್ಲ ಮನೆ ತಪ್ಪಿ ಪಕ್ಕದವರ ಕಾಲ ಕೆಳಗೆ ಕೂತವು.

ನಮ್ಮಾಕೆ ಎಳ್ಳಿನ ತಟ್ಟೆ ಹಿಡಿದು ಬಂದವಳು ನನ್ನ ಭುಜದ ಮೇಲಿಂದ ಬಗ್ಗಿ ಎರಡು ಪ್ಯಾರಾ ನೋಡಿದಳು.

"ಇದು ನಿಮ್ಮ ಹಳೇ ಅಂಕಣಾನಾ?"

"ಹೂಂ."

"ಹೀಗೇ ಇರಲಿ ಬಿಡಿ. ಆವಾಗ ಪೇಪರಲ್ಲಿ ಬಂದಿದ್ದಕ್ಕಿಂತ ವಾಸಿ ಇದೆ."